ಬಸ್ಕಿಯ ಭಾರ: ಯಾರು ಎಷ್ಟು ಹೊರಬಲ್ಲರು?

ಕಳೆದ ವರ್ಷ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದು ನಮ್ಮೆದುರು ನಿಂತನು. ವಿಚಾರಿಸಲಾಗಿ ಸಂಗತಿ ತಿಳಿಯಿತು. ತನ್ನ ತೂಕದ ಎರಡರಷ್ಟನ್ನು ಹೆಗಲ ಮೇಲೆ ಹೊತ್ತು ಬಸ್ಕಿ ಹೊಡೆಯಲಾರದವನ ಮೈ ಮೈಯೇ ಅಲ್ಲವೆಂದು ವ್ಯಾಯಾಮಶಾಲೆಯ ಗೆಳೆಯನೊಬ್ಬನು ಹೇಳಿದನಂತೆ. 52 ಕಿಲೋಗ್ರಾಂ ತೂಕದ ಈ ಹುಡುಗನು 104 ಕಿಲೋಗ್ರಾಮಿನ ಸರಳನ್ನು ಹೆಗಲಿಗೇರಿಸಿ ಕುಳಿತವನು ಮೇಲೇಳಲಾರದೆ ಸರಳಿನೊಡನೆ ಕುಸಿದನು. ಮೂರು ವಾರ ಬೆನ್ನುನೋವು. ಅದಕ್ಕಿಂತಲೂ ಹೆಚ್ಚಾಗಿ ಅವನನ್ನು ಬಾಧಿಸುತ್ತಿದ್ದುದು ತಾನು ಹುಟ್ಟುದುರ್ಬಲನೆಂಬ ನಂಬಿಕೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಗರಡಿಯ ಪ್ರಶ್ನೆ ಮಾತ್ರವಲ್ಲ, ಅಳತೆಯ ಪ್ರಶ್ನೆಯೂ ಹೌದೆಂದು ತೋರಿತು.

ಬಸ್ಕಿ ನಮಗೆ ಹೊಸದಲ್ಲ. ಗರಡಿಯಲ್ಲಿ ಸಾಮು ಮಾಡುವವರು ಅದನ್ನು ನೂರುಗಟ್ಟಲೆ ಹೊಡೆಯುವರು. ಶಾಲೆಯಲ್ಲಿ ಕಿವಿ ಹಿಡಿದು ಹೊಡೆದವರು ನಮ್ಮಲ್ಲಿ ಅನೇಕರುಂಟು. ಆದರೆ ನೂರು ಬಸ್ಕಿ ತಾಳ್ಮೆಯ ಪರೀಕ್ಷೆ. ಒಂದೇ ಒಂದು ಸಲ ಎಷ್ಟು ಭಾರದೊಡನೆ ಎದ್ದು ನಿಲ್ಲಬಲ್ಲೆವೆಂಬುದು ಬೇರೆಯ ಪರೀಕ್ಷೆ. ಮೊದಲನೆಯದರಿಂದ ಎರಡನೆಯದನ್ನು ಊಹಿಸುವುದು ಸಲ್ಲದು.

ಇನ್ನೊಂದು ವಿಷಯವನ್ನು ಜನರು ಮರೆಯುತ್ತಾರೆ. ಬಸ್ಕಿಯಲ್ಲಿ ಮೇಲೇರುವುದು ಸರಳು ಮಾತ್ರವಲ್ಲ. ಪಾದಗಳನ್ನೂ ಮೊಣಕಾಲಿನ ಕೆಳಗಿನ ಭಾಗಗಳನ್ನೂ ಬಿಟ್ಟು, ಸುಮಾರು ನೂರಕ್ಕೆ 88 ಪಾಲು ದೇಹವೂ ಅದರೊಡನೆ ಏರಬೇಕು. 70 ಕಿಲೋಗ್ರಾಂ ತೂಕದವನು ಅಷ್ಟೇ ತೂಕದ ಸರಳನ್ನು ಹೊತ್ತು ಎದ್ದರೆ, ಅವನ ಕಾಲುಗಳು ಎತ್ತಿದ್ದು 132 ಕಿಲೋಗ್ರಾಂ ಸಮೀಪ. ‘ಒಂದು ಪಟ್ಟು’ ಎಂಬುದು ಕೇಳುವುದಕ್ಕೆ ತೋರುವಷ್ಟು ಅಲ್ಪವಲ್ಲ.

ಇನ್ನು ಆಳ. ಸ್ಪರ್ಧೆಯ ನಿಯಮದಂತೆ ತೊಡೆಯ ಬುಡದ ಮಡಿಕೆಯು ಮೊಣಕಾಲಿನ ಮೇಲ್ತುದಿಗಿಂತ ಕೆಳಗಿಳಿಯಬೇಕು. ಅರ್ಧಕ್ಕೆ ಇಳಿದು ಏಳುವವನು ಇದಕ್ಕಿಂತ ಬಹಳ ಹೆಚ್ಚಿನ ಭಾರವನ್ನು ತೋರಿಸಬಲ್ಲನು. ಮಂಡಿಗೆ ಬಿಗಿಯಾದ ಪಟ್ಟಿ ಸುತ್ತಿದರೆ ಮತ್ತಷ್ಟು. ವ್ಯಾಯಾಮಶಾಲೆಗಳಲ್ಲಿ ಕೇಳಿಬರುವ ಪವಾಡಗಳ ದೊಡ್ಡ ಪಾಲು ಈ ನಾಲ್ಕಾರು ಅಂಗುಲಗಳಲ್ಲಿಯೇ ಅಡಗಿರುವುದೆಂದು ನಮ್ಮ ಅಭಿಪ್ರಾಯ.

ಆದರೂ ಮುಖ್ಯವಾದ ತೊಡಕು ‘ಪಟ್ಟು’ ಎಂಬ ಅಳತೆಯಲ್ಲಿಯೇ ಉಂಟು. ದೇಹವೊಂದನ್ನು ಉದ್ದ, ಅಗಲ, ದಪ್ಪ ಮೂರರಲ್ಲಿಯೂ ಎರಡರಷ್ಟು ಹಿಗ್ಗಿಸಿದೆವೆಂದು ಭಾವಿಸೋಣ. ತೂಕವು ಎಂಟರಷ್ಟಾಗುವುದು. ಸ್ನಾಯುವಿನ ಬಲವಾದರೋ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸತಕ್ಕದ್ದು. ಅದು ನಾಲ್ಕರಷ್ಟೇ ಆಗುವುದು. ಗಾತ್ರ ಬೆಳೆದಂತೆ ಬಲವು ತೂಕದ ಹಿಂದೆ ಬೀಳುತ್ತದೆ. ಗೆಲಿಲಿಯೋ 1638ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರಾಣಿಗಳ ಮೂಳೆಗಳನ್ನು ಕುರಿತು ಇಂಥದೇ ವಾದವನ್ನು ಹೂಡಿದ್ದನು. 1956ರಲ್ಲಿ ಲಿಟ್ಸ್ಕೆ ಎಂಬ ಅಮೆರಿಕದ ವಿಜ್ಞಾನಿಯು, ಭಾರ ಎತ್ತುವವರ ದಾಖಲೆಗಳು ದೇಹತೂಕದ ಸುಮಾರು 2/3 ಘಾತದಂತೆ ಏರುವುದನ್ನು ತೋರಿಸಿದನು.

ಇದನ್ನು ಪರೀಕ್ಷಿಸಿ ನೋಡಬಹುದು. 2019ರಲ್ಲಿ ಅಮೆರಿಕದ ರೇ ವಿಲಿಯಮ್ಸ್ ಎಂಬ ಬೃಹತ್ಕಾಯನು 490 ಕಿಲೋಗ್ರಾಂ ಹೊತ್ತು ಬಸ್ಕಿ ಹೊಡೆದನು. ಅವನ ತೂಕ 190ರ ಆಸುಪಾಸು. ಎಂದರೆ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಅದೇ ಬಲವನ್ನು 59 ಕಿಲೋಗ್ರಾಂ ದೇಹಕ್ಕೆ ಇಳಿಸಿ ಲೆಕ್ಕ ಮಾಡಿದರೆ 225 ಕಿಲೋಗ್ರಾಂ, ಹತ್ತಿರ ಹತ್ತಿರ 3.8 ಪಟ್ಟು, ಬರುತ್ತದೆ. ಆ ತೂಕದ ವರ್ಗದ ಜಗದ್ವಿಖ್ಯಾತರು ಮೂರೂವರೆ ಪಟ್ಟನ್ನು ದಾಟಿರುವುದು ನಿಜ. ಹಾಗೆಂದು ವಿಲಿಯಮ್ಸನನ್ನು ಅವರಿಗಿಂತ ಅಶಕ್ತನೆನ್ನುವರಾರು? ಕೈಕಾಲುಗಳ ಉದ್ದ, ಮೈಯ ಕೊಬ್ಬು ಮುಂತಾದ ಭೇದಗಳನ್ನು ಈ ಲೆಕ್ಕವು ಗಣಿಸದು. ಆದರೂ ಬರಿಯ ಪಟ್ಟಿಗಿಂತ ಇದು ನ್ಯಾಯವಾದದ್ದು.

ಹಾಗಾದರೆ ಸಾಮಾನ್ಯನು ಎಷ್ಟನ್ನು ನಿರೀಕ್ಷಿಸಬಹುದು? ಇಲ್ಲಿ ಅಂದಾಜಲ್ಲದೆ ಶಾಸನವಿಲ್ಲ. ಆರೋಗ್ಯವಂತನಾದ ಮಧ್ಯಮ ತೂಕದ ತರುಣನು ಕೆಲವು ತಿಂಗಳ ಕ್ರಮವಾದ ಅಭ್ಯಾಸದಿಂದ ತನ್ನ ತೂಕದಷ್ಟನ್ನು ಪೂರ್ಣ ಆಳಕ್ಕೆ ಹೊತ್ತು ಏಳಬಹುದು. ಒಂದೆರಡು ವರ್ಷಗಳಲ್ಲಿ ಒಂದೂವರೆ ಪಟ್ಟು ಮುಟ್ಟುವುದು ಒಳ್ಳೆಯ ಸಾಧನೆ. ಎರಡು ಪಟ್ಟು ಅನೇಕ ವರ್ಷ ಬಿಡದೆ ದುಡಿದವರಿಗೆ ದಕ್ಕತಕ್ಕದ್ದು, ಅವರಲ್ಲಿಯೂ ಎಲ್ಲರಿಗಲ್ಲ. ಸ್ತ್ರೀಯರಿಗೂ ನಮ್ಮಂತೆ ನಲವತ್ತು ದಾಟಿದವರಿಗೂ ಇವುಗಳನ್ನು ಇಳಿಸಿಯೇ ಹೇಳಬೇಕು.

ತನ್ನ ಮಿತಿಯನ್ನರಿಯಲು ಮಿತಿಯವರೆಗೆ ಹೋಗಿ ಕುಸಿಯಬೇಕಾದುದಿಲ್ಲ. ಅಮೆರಿಕದ ತರಬೇತುದಾರ ಬಾಯ್ಡ್ ಎಪ್ಲಿಯ ಹೆಸರಿನ ಸೂತ್ರವೊಂದು 1985ರಿಂದ ಬಳಕೆಯಲ್ಲಿದೆ: ಎಷ್ಟು ಸಲ ಎತ್ತಿದೆವೋ ಆ ಸಂಖ್ಯೆಯನ್ನು 30ರಿಂದ ಭಾಗಿಸಿ, ಒಂದನ್ನು ಕೂಡಿಸಿ, ಎತ್ತಿದ ಭಾರದಿಂದ ಗುಣಿಸತಕ್ಕದ್ದು. ಹತ್ತು ಸಲಕ್ಕೆ ಮೀರಿದರೆ ಈ ಸೂತ್ರವನ್ನು ನೆಚ್ಚಲಾಗದು.

ನಮ್ಮ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವನ್ನು ತರಿಸಿ ನೋಡಿದೆವು. ಬೀಳುವುದಕ್ಕೆ ಮುಂಚಿನ ವಾರ ಅವನು 70 ಕಿಲೋಗ್ರಾಮನ್ನು ಪೂರ್ಣ ಆಳಕ್ಕೆ ಐದು ಸಲ, ಅದಕ್ಕೆ ಮೀರಲಾರದೆ, ಎತ್ತಿದ್ದನು. ಸೂತ್ರದಂತೆ ಒಂದು ಸಲಕ್ಕೆ ಸುಮಾರು 82. ಅವನು ಹೊರಲೆಳಸಿದ್ದು ಅದಕ್ಕಿಂತ 22 ಕಿಲೋಗ್ರಾಂ ಹೆಚ್ಚು; ಬಿದ್ದುದರಲ್ಲಿ ಏನಾಶ್ಚರ್ಯ! ಅನಂತರ ಆ ಗೆಳೆಯನನ್ನೂ ಕರೆಸಿದೆವು. 88 ಕಿಲೋಗ್ರಾಂ ತೂಕದ, ಮನಸ್ಸಿನಲ್ಲಿ ಕಪಟವಿಲ್ಲದ ಹುಡುಗ. ಅವನ 176 ಕಿಲೋಗ್ರಾಂ ಅರ್ಧ ಬಸ್ಕಿಯದೆಂದು ತಾನೇ ಒಪ್ಪಿಕೊಂಡನು. ಪೂರ್ಣ ಆಳಕ್ಕೆ ಇಳಿದು ಎದ್ದು ನೋಡೆಂದು ಹೇಳಿ ಕಳುಹಿಸಿದೆವು. ಮರುವಾರ ಬಂದು 115 ಎಂದನು. ಇಬ್ಬರನ್ನೂ ಕೂರಿಸಿಕೊಂಡು ಮೊದಲನೆಯವನ 82ನ್ನು 88 ಕಿಲೋಗ್ರಾಂ ದೇಹಕ್ಕೆ ಏರಿಸಿ ಲೆಕ್ಕ ಮಾಡಿದೆವು. 116 ಬಂದಿತು. ದೊಡ್ಡವನು ಲೆಕ್ಕದ ಹಾಳೆಯನ್ನು ತೆಗೆದುಕೊಂಡು ಮತ್ತೊಂದು ಸಲ ಮಾಡಿ ನೋಡಿದನು.