ಬೋರ್ಡು ಹಾಕಿದ ಮೇಲೆ ಬೇಕಾಗುವ ಸಂಘ

'ಮಗಳು ಡಾಕ್ಟರಾದರೆ ಸಾಕು' ಎನ್ನುವ ತಂದೆ-ತಾಯಿಯರು ಗುಬ್ಬಿ, ಕುಣಿಗಲ್‌ಗಳಲ್ಲಿಯೂ ಬೇಕಾದಷ್ಟಿದ್ದಾರೆ. ತುಮಕೂರಿನಲ್ಲಿಯೇ 1988ರಿಂದ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ. ಆದರೆ ಓದು ಮುಗಿಸಿ, ನಾಲ್ಕಾರು ವೈದ್ಯರನ್ನು ಕೂಡಿಸಿಕೊಂಡು ನರ್ಸಿಂಗ್ ಹೋಂ ನಡೆಸುವವರ ಪಾಡೇ ಬೇರೆ. ಸಂಬಳದ ಲೆಕ್ಕ, ಆಸ್ಪತ್ರೆ ಕಸದ ವಿಲೇವಾರಿ, ಸಿಟ್ಟಿಗೆದ್ದ ಬಂಧುಗಳ ಸಮಾಧಾನ ಎಲ್ಲವೂ ಅವರ ತಲೆಯ ಮೇಲೆಯೇ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯೂ ಆಗಬೇಕು.

ಇಲ್ಲಿ ನೆರವಿಗೆ ಬರುವುದು ವೃತ್ತಿ ಸಂಘ. ಭಾರತೀಯ ವೈದ್ಯಕೀಯ ಸಂಘ ಹುಟ್ಟಿದ್ದು 1928ರಲ್ಲಿ. ಈಗ ಊರೂರಿನಲ್ಲಿ ಅದರ ಶಾಖೆಗಳಿವೆ. ಹೊಸ ಚಿಕಿತ್ಸೆಯ ಉಪನ್ಯಾಸ, ಕಾನೂನಿನ ತಿಳಿವಳಿಕೆ, ಹಿರಿಯರ ಅನುಭವ ಸಿಗುವುದು ಇಂಥ ಸಭೆಗಳಲ್ಲಿ. ಕುಣಿಗಲ್ಲಿನ ವೈದ್ಯರಿಗೆ ಸಂಶಯ ಬಂದರೆ ತುಮಕೂರಿನ ತಜ್ಞರಿಗೆ ಫೋನು ಮಾಡುವ ಸಲಿಗೆ ಬೆಳೆಯುವುದೂ ಇಲ್ಲಿಯೇ.

ಆದರೆ ಸಂಘವೇ ಬೇರೆ, ಕರ್ನಾಟಕ ವೈದ್ಯಕೀಯ ಪರಿಷತ್ತೇ ಬೇರೆ. ಸಂಘ ಸೇರುವುದು ವೈದ್ಯರ ಇಷ್ಟ, ನೋಂದಣಿ ಕಡ್ಡಾಯ. ತಪ್ಪು ಮಾಡಿದ ವೈದ್ಯರನ್ನು ವಿಚಾರಿಸುವ ಅಧಿಕಾರ ಪರಿಷತ್ತಿನದು.

ಸಂಘ ಹೇಳಿದ್ದೆಲ್ಲ ರೋಗಿಯ ಹಿತವೇ? ಹಾಗೇನಿಲ್ಲ. ವೈದ್ಯರ ಸೇವೆ ಗ್ರಾಹಕ ರಕ್ಷಣಾ ಕಾಯಿದೆಗೆ ಒಳಪಡದೆಂದು ಸಂಘ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತ್ತು. ಹಣ ಪಡೆದು ನೀಡುವ ಚಿಕಿತ್ಸೆ ಒಳಪಡುತ್ತದೆಂದು 1995ರ ನವೆಂಬರಿನಲ್ಲಿ ತೀರ್ಪಾಯಿತು. 2017ರ ನವೆಂಬರಿನಲ್ಲಿ 2007ರ ಕಾಯಿದೆಯ ತಿದ್ದುಪಡಿ ವಿರೋಧಿಸಿ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ ಬವಣೆಪಟ್ಟವರು ರೋಗಿಗಳು.

ಸಂಘದ ಬಲ ವೈದ್ಯರಿಗೆ ಬೇಕು. ಆ ಬಲ ಯಾರ ಪರ ಎಂದು ಸಭೆಯಲ್ಲಿ ಎದ್ದು ಕೇಳುವ ಧೈರ್ಯವೂ ಬೇಕು. ಅದನ್ನು ಮಾತ್ರ ಮಕ್ಕಳು ಮನೆಯಿಂದಲೇ ಕಲಿತು ಹೋಗಬೇಕು.