ಇರುವೆಯೋ ಜೇಡವೋ? ಫೋಟೋ ತಿದ್ದುವ ಬಗೆ



ನಮ್ಮ ಶಾಲೆಯ ಹಿಂದಿನ ಮಾವಿನ ಮರದಲ್ಲಿ ಚಗಳಿ ಗೂಡು ಇರೋದು ಎಲ್ಲರಿಗೂ ಗೊತ್ತು. ಕಚ್ಚಿಸಿಕೊಳ್ಳದವರು ಯಾರಿದ್ದೀರಿ? ಅದೇ ಮರದಲ್ಲಿ ಚಗಳಿಯ ಹಾಗೇ ಕಾಣುವ ಇನ್ನೊಂದು ಜೀವಿ ಓಡಾಡುತ್ತೆ. ಅದು ಜೇಡ! ಇರುವೆಗೆ 6 ಕಾಲು, 2 ಕುಡಿಮೀಸೆ. ಜೇಡಕ್ಕೆ 8 ಕಾಲು, ಕುಡಿಮೀಸೆ ಇಲ್ಲ. ಈ ವೇಷಗಾರ ಜೇಡ ಮುಂದಿನ ಎರಡು ಕಾಲನ್ನು ಮೇಲೆತ್ತಿ ಮೀಸೆಯ ಹಾಗೆ ಆಡಿಸುತ್ತೆ. ಚಗಳಿ ಅಂದ್ರೆ ಹೆದರುವ ಶತ್ರುಗಳು ಹತ್ತಿರ ಬರದಿರಲಿ ಅಂತ ಈ ಉಪಾಯ. ಬರಿಗಣ್ಣಿಗೆ ವ್ಯತ್ಯಾಸ ತಿಳಿಯೋದು ಕಷ್ಟ, ಫೋಟೋ ಬೇಕು.

ಫೋನಿನ ಕ್ಯಾಮೆರಾ ಮುಂದೆ ಭೂತಗನ್ನಡಿ ಹಿಡಿದರೆ ಫೋಟೋ ಬರುತ್ತೆ. ಆದರೆ ಅಷ್ಟು ಹತ್ತಿರದಿಂದ ತೆಗೆದಾಗ ಒಂದು ತೆಳು ಪದರ ಮಾತ್ರ ಸ್ಪಷ್ಟ, ಉಳಿದದ್ದು ಮಸುಕು. ಆ ಪದರ ಕಣ್ಣಿನ ಮೇಲೆ ಬೀಳಬೇಕು. ಈ ಜೇಡಕ್ಕೆ ಮುಂದೆ ಎರಡು ದೊಡ್ಡ ಗುಂಡು ಕಣ್ಣು ಇವೆ, ಅಲ್ಲೇ ಅರ್ಧ ಗುಟ್ಟು ರಟ್ಟಾಗುತ್ತೆ.

ಫೋಟೋ ತಿದ್ದಿದರೆ ಮೋಸ ಅಲ್ವಾ ಅಂತ ಕೆಲವರು ಕೇಳಿದರು. ರೀಲಿನ ಕಾಲದಲ್ಲೂ ಕತ್ತಲೆ ಕೋಣೆಯಲ್ಲಿ ಅಂಚು ಬಿಟ್ಟು, ಬೆಳಕು ಹೆಚ್ಚು ಕಡಿಮೆ ಮಾಡಿಯೇ ಪ್ರಿಂಟ್ ಹಾಕುತ್ತಿದ್ದರು. ಇದ್ದದ್ದನ್ನು ಕಾಣಿಸೋದು ತಿದ್ದುಪಡಿ. ಇಲ್ಲದ್ದನ್ನು ಸೇರಿಸೋದು, ಇದ್ದದ್ದನ್ನು ಅಳಿಸೋದು ಬೇರೆ ವಿಷಯ.

ಮೊದಲು ಕತ್ತರಿಸುವುದು. 4000 ಉದ್ದ, 3000 ಅಗಲ ಚುಕ್ಕಿಗಳ ಫೋಟೋದಲ್ಲಿ ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಎರಡೂ ಕಡೆ ಅರ್ಧರ್ಧ ಕತ್ತರಿಸಿದರೆ ಉಳಿಯೋದು 30 ಲಕ್ಷ. ಪೋಸ್ಟ್‌ಕಾರ್ಡಿನಷ್ಟು ಪ್ರಿಂಟಿಗೆ ಅದು ಸಾಕು. ಇನ್ನೊಮ್ಮೆ ಹಾಗೇ ಕತ್ತರಿಸಿದರೆ ಏಳೂವರೆ ಲಕ್ಷ, ಕಾಲಿನ ರೋಮವೆಲ್ಲ ಮಾಯ. ಎಲೆ ನೆರಳಿನಲ್ಲಿ ತೆಗೆದ ಫೋಟೋಕ್ಕೆ ಹಸಿರು ಛಾಯೆ ಬರುತ್ತೆ. ಅದೇ ಜಾಗದಲ್ಲಿ ಒಂದು ಬಿಳಿ ಕಾಗದದ ಫೋಟೋನೂ ತೆಗೆಯಿರಿ. ಕಾಗದ ಬೆಳ್ಳಗೆ ಕಾಣೋವರೆಗೆ ಎಷ್ಟು ಬಣ್ಣ ಸರಿಪಡಿಸಿದಿರೋ ಅಷ್ಟನ್ನೇ ಜೇಡದ ಫೋಟೋಕ್ಕೂ ಮಾಡಿ. ಮಸುಕಾದದ್ದನ್ನು ಮಾತ್ರ ಯಾವ ಗುಂಡಿ ಒತ್ತಿದರೂ ಸರಿ ಮಾಡೋಕೆ ಆಗಲ್ಲ. ಅಂಚಿಗೆ ಬಿಳಿ ಗೆರೆ ಬರುತ್ತೆ ಅಷ್ಟೇ.

ಆಮೇಲೆ ಗೆಳೆಯರಿಗೆ ತೋರಿಸಬೇಕು. ಹೆಸರು ಹೇಳದೆ ತೋರಿಸಿ. "ಚೆನ್ನಾಗಿದೆಯಾ?" ಅಂದ್ರೆ ಎಲ್ಲರೂ "ಚೆನ್ನಾಗಿದೆ" ಅಂತಾರೆ, ಅದರಿಂದ ಏನೂ ಸಿಗಲ್ಲ. "ಕಾಲೆಷ್ಟು?" ಅಂತ ಕೇಳಿ. ನಾನು ಮೂರು ಬಗೆಯ ಪ್ರಿಂಟ್ ತೋರಿಸಿದೆ. ಐದನೇ ತರಗತಿಯ ಹುಡುಗ ಮೊದಲನೆಯದನ್ನು ನೋಡಿ "ಆರು" ಅಂದ. ಕುತ್ತಿಗೆಯ ಹತ್ತಿರದ ನೆರಳನ್ನು ಸ್ವಲ್ಪ ಬೆಳಗಿಸಿದ ಎರಡನೆಯದನ್ನು ಕೊಟ್ಟಾಗ ಅವನೇ, "ಅಣ್ಣಾ, ಈ ಮೀಸೆ ತಲೆಯಿಂದ ಹೊರಟಿಲ್ಲ, ಕಾಲಿನ ಪಕ್ಕದಿಂದ ಹೊರಟಿದೆ!" ಅಂದ. ಬಣ್ಣ ಏರಿಸಿದ ಮೂರನೆಯದು ಹುಡುಗರಿಗೆಲ್ಲ ಇಷ್ಟವಾಯ್ತು. ಆದರೆ ಮನೆಯಲ್ಲಿ ಚಗಳಿ ಚಟ್ನಿ ಮಾಡುವ ನಮ್ಮ ತರಗತಿಯ ಹುಡುಗಿ, "ಚಗಳಿ ಎಲ್ಲಿ ಇಷ್ಟು ಕೆಂಪಿರುತ್ತೋ?" ಅಂದಳು. ಅವಳ ಮಾತೇ ನಿಂತಿತು. ಬಣ್ಣದ ವಿಷಯದಲ್ಲಿ ದಿನಾ ನೋಡುವವರಿಗಿಂತ ದೊಡ್ಡ ಪರೀಕ್ಷಕರು ಇಲ್ಲ.

ಎಲ್ಲ ಸಲಹೆಯನ್ನೂ ಕೇಳಲೇಬೇಕು ಅಂತಿಲ್ಲ. ಹಿಂದಿರುವ ಒಣಕಡ್ಡಿ ಅಳಿಸು ಅಂತ ಒಬ್ಬ ಹಟ ಹಿಡಿದ. ಅಳಿಸುವ ಸಾಧನ ಸುತ್ತಲಿನ ಬಣ್ಣ ನೋಡಿ ಊಹೆಯಿಂದ ಜಾಗ ತುಂಬುತ್ತೆ. ಆ ಕಡ್ಡಿಗೆ ಒಂದು ಸಣ್ಣ ನೂಲು ಅಂಟಿತ್ತು. ದೊಡ್ಡ ಚಗಳಿ ನೂಲು ಬಿಡಲ್ಲ. ಎಲೆ ಹೊಲಿಯೋಕೆ ಅದು ತನ್ನ ಮರಿಹುಳು ಬಿಡುವ ನೂಲನ್ನು ಬಳಸುತ್ತೆ. ಜೇಡವಾದರೆ ತಾನೇ ನೂಲು ಬಿಟ್ಟು ಇಳಿಯುತ್ತೆ. ಕಡ್ಡಿ ಅಳಿಸಿದ್ದರೆ ಸಾಕ್ಷಿಯೂ ಹೋಗುತ್ತಿತ್ತು. ಅದಕ್ಕೇ ಮೂಲ ಫೋಟೋವನ್ನು ಬೇರೆಯಾಗಿ ಉಳಿಸಿಡಿ.

ಕೆಳಗೆ ಎರಡು ಪ್ರಿಂಟ್ ಅಂಟಿಸಿದೆ. ಒಂದು ಇರುವೆ, ಒಂದು ಜೇಡ. ಕಾಲು ಎಣಿಸಿ ಪಕ್ಕದ ಹಾಳೆಯಲ್ಲಿ ಬರೆಯಿರಿ. ದಾರ ಕಟ್ಟಿದ ಪೆನ್ಸಿಲ್ ಅಲ್ಲೇ ಇರಲಿ, ಅದು ಆಫೀಸಿನದು.