ಹಾಲುಬಣ್ಣದ ಮದ್ದು ಬಂದ ದಾರಿ

ದೊಡ್ಡಕರುಳಿನ ಒಳಗೋಡೆಯಿಂದ ಪಾಲಿಪ್ ಎಂಬ ಗಂಟನ್ನು ಕತ್ತರಿಸಿ ತೆಗೆದರೂ ರೋಗಿಗೆ ಅದು ಗೊತ್ತಾಗುವುದಿಲ್ಲ. ಅದೇ ಕರುಳು ಗಾಳಿ ತುಂಬಿ ಉಬ್ಬಿದರೆ, ಒಳಹೊಕ್ಕ ಕೊಳವೆ ಸುರುಳಿ ಸುತ್ತಿ ಅದನ್ನು ಜಗ್ಗಿದರೆ ನೋವು ಕಿತ್ತುಕೊಂಡು ಬರುತ್ತದೆ. ಹೀಗೆ ಕೊಳವೆ ಇಳಿಸಿ ದೊಡ್ಡಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ನೋವಿಗೆ, ಮಂಪರಿಗೆ ಕೊಡುವ ಮದ್ದುಗಳ ಕೆಲಸ ಈ ಜಗ್ಗಾಟವನ್ನು ಸಹ್ಯವಾಗಿಸುವುದು.

ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, 1954ರಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ ಬಾಗುವ ಗಾಜಿನ ಎಳೆಗಳ ಮೂಲಕ ಚಿತ್ರ ಸಾಗಿಸಬಹುದೆಂದು ತೋರಿಸಿದರು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ, ಅಂಥ ಎಳೆಗಳ ಕೊಳವೆಯನ್ನೇ ಒಳಗಿಳಿಸಿ ಪಾಲಿಪ್ ತೆಗೆದರು.

ಆಗ ವೈದ್ಯರ ಕೈಯಲ್ಲಿದ್ದದ್ದು ನೋವಿಗೆ ಪೆಥಿಡಿನ್, ಆತಂಕಕ್ಕೆ 1963ರಲ್ಲಿ ಬಂದ ಡಯಾಜೆಪಾಮ್. ಮುಂದೆ ಆ ಜಾಗಕ್ಕೆ ಫೆಂಟನಿಲ್, ಮಿಡಜೋಲಮ್ ಬಂದವು. ಈ ಜೋಡಿಯಲ್ಲಿ ರೋಗಿ ಮಂಪರಿನಲ್ಲಿರುತ್ತಾರೆ. ಮಗ್ಗುಲಾಗಿ ಎಂದರೆ ಆಗುತ್ತಾರೆ, ಆಮೇಲೆ ಬಹಳಷ್ಟು ಮರೆತೂ ಬಿಡುತ್ತಾರೆ. ಉಸಿರು ಕುಗ್ಗಿದರೆ ಪರಿಣಾಮ ಇಳಿಸಲು ನಾಲೊಕ್ಸೋನ್, ಫ್ಲುಮಜೆನಿಲ್ ಎಂಬ ಪ್ರತಿಮದ್ದುಗಳಿವೆ.

ಇನ್ನೊಂದು ಮದ್ದು, ನಿದ್ದೆ ಬರಿಸುವ ಹಾಲುಬಣ್ಣದ ಪ್ರೊಪೊಫಾಲ್, ಹುಟ್ಟಿದ್ದು ಪಶುವೈದ್ಯರೊಬ್ಬರ ಪಟ್ಟುಬಿಡದ ದುಡಿಮೆಯಿಂದ.

ಬ್ರಿಟನ್ನಿನ ಐಸಿಐ ಕಂಪನಿಯಲ್ಲಿದ್ದ ಜಾನ್ ಗ್ಲೆನ್ 1973ರಲ್ಲಿ ಇದರ ಗುಣವನ್ನು ಗುರುತಿಸಿದರು. ನೀರಿನಲ್ಲಿ ಕರಗದ ಮದ್ದು ಅದು. ಮೊದಲು ಬೆರೆಸಿದ ದ್ರಾವಕ ಅಲರ್ಜಿ ತಂದದ್ದರಿಂದ ಪ್ರಯೋಗ ನಿಂತಿತು. ಸೋಯಾ ಎಣ್ಣೆ ಮತ್ತು ಮೊಟ್ಟೆಯ ಲೆಸಿಥಿನ್ ಸೇರಿಸಿ ಹಾಲಿನಂತೆ ಕಲಸಿದ ಮೇಲೆ, 1986ರಲ್ಲಿ ಮದ್ದು ಮಾರುಕಟ್ಟೆಗೆ ಬಂತು. 2018ರಲ್ಲಿ ಗ್ಲೆನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಸಂದಿತು. ನಿಮಿಷದೊಳಗೆ ನಿದ್ದೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಎಚ್ಚರ. ಆದರೆ ಇದಕ್ಕೆ ಪ್ರತಿಮದ್ದಿಲ್ಲ. ಉಸಿರನ್ನೂ ರಕ್ತದೊತ್ತಡವನ್ನೂ ಇಳಿಸಬಲ್ಲದು. ಆದ್ದರಿಂದ ಉಸಿರಾಟ ಕಾಯುವುದರಲ್ಲಿ ಪಳಗಿದ ಕೈ, ಸಾಮಾನ್ಯವಾಗಿ ಅರಿವಳಿಕೆ ತಜ್ಞರು, ಪಕ್ಕದಲ್ಲಿರಬೇಕು.

ನೋವು ತಗ್ಗಿಸಲು ಸೂಜಿಯೊಂದೇ ದಾರಿಯಲ್ಲ. ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಊದಿದರೆ ಕರುಳು ಅದನ್ನು ಬೇಗ ಹೀರಿಕೊಳ್ಳುತ್ತದೆ, ಪರೀಕ್ಷೆಯ ನಂತರದ ಹೊಟ್ಟೆಯುಬ್ಬರ ಕಡಿಮೆ. ಊದುವ ಬದಲು ನೀರು ಬಿಟ್ಟು ಕೊಳವೆ ಸಾಗಿಸಿದರೂ ಜಗ್ಗಾಟ ತಗ್ಗುತ್ತದೆ. ಅರ್ಧ ಆಮ್ಲಜನಕ, ಅರ್ಧ ನಗೆ ಅನಿಲ ಸೇರಿದ ಎಂಟೊನಾಕ್ಸ್ ಅನ್ನು ರೋಗಿಯೇ ಬೇಕಾದಾಗ ಉಸಿರೆಳೆದುಕೊಳ್ಳಬಹುದು. ಅದರ ಅಮಲು ಬಹುಬೇಗ ಇಳಿಯುತ್ತದೆ. ಮದ್ದೇ ಇಲ್ಲದೆ ಪರೀಕ್ಷೆ ಮಾಡಿಸಿಕೊಳ್ಳುವವರೂ ಇದ್ದಾರೆ.

ಆಯ್ಕೆ ಮಾಡುವಾಗ ಮನೆಗೆ ಮರಳುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉದಾಹರಣೆಗೆ, ಪುಣೆ ಬಳಿಯ ಸಾಸವಡದಿಂದ ಆ ನಗರದ ಆಸ್ಪತ್ರೆಗೆ ಬಂದವರು ದಿವೆ ಘಾಟಿನ ತಿರುವುಗಳನ್ನು ಹತ್ತಿ ಹಿಂದಿರುಗಬೇಕು. ಮಂಪರಿನ ಇಂಜೆಕ್ಷನ್ ಪಡೆದವರು 24 ಗಂಟೆ ವಾಹನ ಓಡಿಸಬಾರದು, ಜೊತೆಗೊಬ್ಬರು ಇರಲೇಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಹೃದಯದ ಕಾಯಿಲೆ, ದಿನವೂ ನುಂಗುವ ಮಾತ್ರೆಗಳು, ಹಿಂದೆ ಅರಿವಳಿಕೆಯಿಂದ ಆದ ತೊಂದರೆ — ಇವನ್ನು ಪರೀಕ್ಷೆಗೆ ದಿನ ಗೊತ್ತುಮಾಡುವಾಗಲೇ ವೈದ್ಯರಿಗೆ ತಿಳಿಸಿದರೆ, ಯಾವ ಮದ್ದು, ಎಷ್ಟು ಎಂಬುದನ್ನು ಅವರು ಮೊದಲೇ ತೀರ್ಮಾನಿಸಬಹುದು.